ಅನಿಲದ ಗಾತ್ರದಿಂದ ಅಣುಸೂತ್ರ

ಕಣ್ಣಿಗೆ ಕಾಣದ ಅಣುವೊಂದರಲ್ಲಿ ಎಷ್ಟು ಪರಮಾಣುಗಳಿವೆಯೆಂಬುದನ್ನು, ಅಳತೆಯ ಗೆರೆಗಳುಳ್ಳ ಗಾಜಿನ ನಳಿಗೆಯೊಂದರ ಸಹಾಯದಿಂದ ತಿಳಿಯಬಹುದು. ಅದು ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇಂಗಾಲ ಮತ್ತು ಜಲಜನಕ ಇವೆರಡೇ ಸೇರಿ ಆದ ಸಂಯುಕ್ತಕ್ಕೆ ಹೈಡ್ರೋಕಾರ್ಬನ್ ಎಂದು ಹೆಸರು. ಎಥಿಲೀನ್ ಮತ್ತು ಪ್ರೊಪಿಲೀನ್ ಎಂಬ ಎರಡು ಹೈಡ್ರೋಕಾರ್ಬನ್ ಅನಿಲಗಳನ್ನು ತೂಕದಿಂದ ವಿಶ್ಲೇಷಿಸಿದರೆ, ಎರಡರಲ್ಲಿಯೂ ಇಂಗಾಲವು ನೂರಕ್ಕೆ ಸುಮಾರು 85.7 ಭಾಗ. ಇದರಿಂದ ಇಂಗಾಲ, ಜಲಜನಕಗಳ ಪರಮಾಣುಗಳು 1:2ರ ಅನುಪಾತದಲ್ಲಿವೆಯೆಂದು ಮಾತ್ರ ತಿಳಿಯುತ್ತದೆ. ಅಣುವಿನಲ್ಲಿ ಅವುಗಳ ಸಂಖ್ಯೆ ಎಷ್ಟೆಂಬುದು ತಿಳಿಯದು. ಈ ಕೊರತೆಯನ್ನು ಗಾತ್ರದ ಅಳತೆಯು ನೀಗಿಸುತ್ತದೆ.

ಅನಿಲಗಳು ಸರಳ ಪೂರ್ಣಾಂಕಗಳ ಅನುಪಾತದ ಗಾತ್ರಗಳಲ್ಲಿ ಸಂಯೋಗ ಹೊಂದುತ್ತವೆಂದು 1808ರಲ್ಲಿ ಗೇ-ಲುಸಾಕನು ತೋರಿಸಿದನು. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮವೆಂದು 1811ರಲ್ಲಿ ಆವೊಗಾಡ್ರೊ ಊಹಿಸಿದನು. ಆದುದರಿಂದ ಅನಿಲದ ಗಾತ್ರವನ್ನು ಅಳೆದರೆ ಅಣುಗಳನ್ನು ಎಣಿಸಿದಂತೆಯೇ ಸರಿ.

ಒಂದು ಹೈಡ್ರೋಕಾರ್ಬನ್ ಅನಿಲದ 10 ಘ.ಸೆಂ.ಮೀ.ಯನ್ನು 60 ಘ.ಸೆಂ.ಮೀ. ಆಮ್ಲಜನಕದೊಡನೆ ಪಾದರಸದ ಮೇಲಿನ ನಳಿಗೆಯಲ್ಲಿ ಬೆರೆಸಿ, ವಿದ್ಯುತ್ ಕಿಡಿಯನ್ನು ಹಾರಿಸಿದೆವೆಂದು ಭಾವಿಸೋಣ. (ಮಿಶ್ರಣವು ಬಲವಾಗಿ ಸಿಡಿಯುವುದರಿಂದ ಇದನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ.) ನಳಿಗೆಯು ತಣಿದ ಮೇಲೆ 45 ಘ.ಸೆಂ.ಮೀ. ಅನಿಲ ಉಳಿಯಿತು. ಹಬೆಯು ನೀರಾಗಿರುವುದರಿಂದ ಅದರ ಗಾತ್ರ ಲೆಕ್ಕಕ್ಕೆ ಬಾರದು. ಸೂಕ್ಷ್ಮವಾದ ಕೆಲಸದಲ್ಲಿ ಮಾತ್ರ ಉಳಿದ ನೀರಾವಿಯ ಒತ್ತಡವನ್ನು ಕಳೆಯಬೇಕು. ಬಳಿಕ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣವನ್ನು ಒಳಬಿಟ್ಟಾಗ 15 ಘ.ಸೆಂ.ಮೀ. ಉಳಿಯಿತು. ದ್ರಾವಣವು ಹೀರಿಕೊಂಡ 30 ಘ.ಸೆಂ.ಮೀ. ಇಂಗಾಲದ ಡೈಆಕ್ಸೈಡ್, ಉಳಿದ 15 ಘ.ಸೆಂ.ಮೀ. ಮಿಕ್ಕ ಆಮ್ಲಜನಕ. ಎಂದರೆ, ದಹನಕ್ಕೆ ವೆಚ್ಚವಾದ ಆಮ್ಲಜನಕ 45 ಘ.ಸೆಂ.ಮೀ.

ಈಗ ಲೆಕ್ಕ ಸುಲಭ. 10 ಗಾತ್ರ ಅನಿಲದಿಂದ 30 ಗಾತ್ರ ಡೈಆಕ್ಸೈಡ್ ಬಂದುದರಿಂದ ಒಂದು ಅಣುವಿನಲ್ಲಿ ಇಂಗಾಲದ ಪರಮಾಣುಗಳು 3. ಒಂದು ಗಾತ್ರ ಡೈಆಕ್ಸೈಡಿಗೆ ಒಂದು ಗಾತ್ರ ಆಮ್ಲಜನಕ ಬೇಕಾದುದರಿಂದ, 45ರಲ್ಲಿ 30 ಹೀಗೆ ಹೋಗಿ, ಉಳಿದ 15 ನೀರಾಯಿತು. ನೀರಾಗುವಾಗ ಒಂದು ಗಾತ್ರ ಆಮ್ಲಜನಕವು ಎರಡು ಗಾತ್ರ ಜಲಜನಕದೊಡನೆ ಕೂಡುತ್ತದೆ. ಆದುದರಿಂದ ಜಲಜನಕವು 30 ಗಾತ್ರ. ಅನಿಲದ ಒಂದು ಅಣುವಿಗೆ ಜಲಜನಕದ 3 ಅಣುಗಳು, ಅಂದರೆ 6 ಪರಮಾಣುಗಳು. ಇಲ್ಲಿ ಅಣುವಿಗೂ ಪರಮಾಣುವಿಗೂ ಇರುವ ಭೇದವನ್ನು ಮರೆತರೆ ಉತ್ತರ ತಪ್ಪುವುದು. ಹೀಗೆ ದೊರೆತ ಸೂತ್ರ ಸಿ₃ಎಚ್₆. ಎಥಿಲೀನಿನದು ಸಿ₂ಎಚ್₄ ಆದುದರಿಂದ ಈ ಅನಿಲವು ಎಥಿಲೀನ್ ಅಲ್ಲ.

ಹಾಗಾದರೆ ಇದು ಪ್ರೊಪಿಲೀನೇ ಎಂದು ನಿರ್ಧರಿಸಬಹುದೆ? ಸಾಲದು. ಮೂರು ಇಂಗಾಲಗಳು ಉಂಗುರವಾಗಿ ಕೂಡಿರುವ ಸೈಕ್ಲೋಪ್ರೊಪೇನಿಗೂ ಇದೇ ಸೂತ್ರ. ಗಾತ್ರವು ಪರಮಾಣುಗಳ ಸಂಖ್ಯೆಯನ್ನು ಹೇಳುತ್ತದೆ, ಜೋಡಣೆಯನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು: ಪೊಟ್ಯಾಸಿಯಂ ಪರ್ಮಾಂಗನೇಟಿನ ತಣ್ಣನೆಯ ತೆಳು ದ್ರಾವಣದ ನೇರಳೆ ಬಣ್ಣವನ್ನು ಪ್ರೊಪಿಲೀನ್ ಅಳಿಸುತ್ತದೆ, ಸೈಕ್ಲೋಪ್ರೊಪೇನ್ ಅಳಿಸುವುದಿಲ್ಲ.