ಬೀಗದ ಕೈಯ ವಿವೇಕ

ಒಂದು ಶಾಲೆಯಲ್ಲಿ ಎಷ್ಟು ಬೀಗಗಳಿರುತ್ತವೆ ಎಂಬುದನ್ನು ನೀವು ಎಂದಾದರೂ ಎಣಿಸಿ ನೋಡಿದ್ದೀರಾ? ಹೆಬ್ಬಾಗಿಲಿಗೊಂದು, ತರಗತಿಯ ಕೋಣೆಗಳಿಗೆ ಒಂದೊಂದು, ಪ್ರಯೋಗಶಾಲೆಗೊಂದು, ಗ್ರಂಥಭಂಡಾರಕ್ಕೊಂದು, ಮುಖ್ಯೋಪಾಧ್ಯಾಯರ ಕೋಣೆಯಲ್ಲಿರುವ ಉಕ್ಕಿನ ಬೀರುವಿಗೊಂದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವ ಜವಾನನ ಸೊಂಟದಲ್ಲಿ ಹೆಬ್ಬಾಗಿಲ ಕೈಯೂ ತರಗತಿಗಳ ಕೈಗಳೂ ಇರುತ್ತವೆ. ಬೀರುವಿನ ಕೈ ಮಾತ್ರ ಇರುವುದಿಲ್ಲ. ಅವನು ಅಪ್ರಾಮಾಣಿಕನೆಂದು ಯಾರೂ ಬಗೆದಿಲ್ಲ. ಅವನ ಕೆಲಸಕ್ಕೆ ಆ ಕೈ ಬೇಕಾಗಿಲ್ಲ, ಅಷ್ಟೆ. ಬೀರುವಿನಿಂದ ಏನಾದರೂ ಕಾಣೆಯಾದ ದಿನ ಅವನ ಮೇಲೆ ಸಂದೇಹದ ನೆರಳೂ ಬೀಳದು. ಹೀಗೆ ಆ ಏರ್ಪಾಡು ಬೀರುವನ್ನು ಕಾಯುವಂತೆಯೇ ಜವಾನನ ಮಾನವನ್ನೂ ಕಾಯುತ್ತದೆ.

ಇಂದು ನಮ್ಮ ಕಾಗದಪತ್ರಗಳು ಬೀರುವಿನಲ್ಲಿ ಮಾತ್ರವೇ ಇಲ್ಲ. ಅಂಕಪಟ್ಟಿ, ಆಸ್ಪತ್ರೆಯ ದಾಖಲೆ, ಬ್ಯಾಂಕಿನ ಲೆಕ್ಕ, ಮನೆಯವರ ಭಾವಚಿತ್ರ, ಇವೆಲ್ಲ ‘ಕ್ಲೌಡ್’ ಎಂಬಲ್ಲಿ ಸೇರಿಕೊಂಡಿವೆ. ಹೆಸರು ಮೇಘವೆಂದಾದರೂ ಅದು ಆಕಾಶದಲ್ಲಿಲ್ಲ. ನೆಲದ ಮೇಲೆ ಕಟ್ಟಿದ ವಿಶಾಲವಾದ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳು ಹಗಲಿರುಳು ದುಡಿಯುತ್ತಿರುತ್ತವೆ. ಅವುಗಳ ಶಕ್ತಿಯನ್ನೂ ಸ್ಥಳವನ್ನೂ ದೂರದಲ್ಲಿರುವವರು ಅಂತರಜಾಲದ ಮೂಲಕ ಬಾಡಿಗೆಗೆ ಪಡೆಯುತ್ತಾರೆ. ಅಮೆಜಾನ್ ಸಂಸ್ಥೆಯು ದತ್ತಾಂಶವನ್ನು ಇಡುವ ಇಂತಹ ಸೇವೆಯನ್ನು ೨೦೦೬ರಲ್ಲಿ ಆರಂಭಿಸಿತು. ಮೈಕ್ರೋಸಾಫ್ಟ್, ಗೂಗಲ್ ಮೊದಲಾದ ಸಂಸ್ಥೆಗಳೂ ಈ ಉದ್ಯಮದಲ್ಲಿವೆ. ಅಮೆಜಾನಿನ ಕೇಂದ್ರಗಳು ಮುಂಬಯಿಯಲ್ಲಿ ೨೦೧೬ರಲ್ಲಿಯೂ ಹೈದರಾಬಾದಿನಲ್ಲಿ ೨೦೨೨ರಲ್ಲಿಯೂ ತೆರೆದವು.

ಇದೊಂದು ಬಾಡಿಗೆಯ ಉಗ್ರಾಣವೆಂದು ಭಾವಿಸಿರಿ. ಕಟ್ಟಡದ ಗೋಡೆ, ವಿದ್ಯುತ್ತು, ಯಂತ್ರಗಳು, ಕಾವಲು ಇವು ಉಗ್ರಾಣದ ಒಡೆಯನ ಹೊಣೆ. ಆದರೆ ಬಾಡಿಗೆಗೆ ಪಡೆದ ಕೋಣೆಯ ಕೈಯನ್ನು ಯಾರಿಗೆ ಕೊಡಬೇಕೆಂಬುದು ಬಾಡಿಗೆದಾರನ ಹೊಣೆ. ಕೈಯನ್ನು ಬೀದಿಯಲ್ಲಿ ಬಿಟ್ಟುಬಂದವನು ಗೋಡೆ ಗಟ್ಟಿಯಾಗಿಲ್ಲವೆಂದು ದೂರುವಂತಿಲ್ಲ.

ಈ ಉಗ್ರಾಣದಲ್ಲಿ ಕೈಯೆಂದರೆ ಕಬ್ಬಿಣದ ತುಂಡಲ್ಲ. ಬರೆದಿಟ್ಟ ಒಂದು ನಿಯಮ. ಉದಾಹರಣೆಗೆ: ‘ಒಂಬತ್ತನೆಯ ತರಗತಿಯ ಅಧ್ಯಾಪಕರು, ಶಾಲೆಯ ಕಂಪ್ಯೂಟರಿನಿಂದ ಮಾತ್ರ, ಒಂಬತ್ತನೆಯ ತರಗತಿಯ ಅಂಕಪಟ್ಟಿಯನ್ನು ಓದಬಹುದು.’ ವ್ಯಾಕರಣದ ಪಾಠದಲ್ಲಿ ಕಲಿತುದನ್ನು ಇಲ್ಲಿ ನೆನೆಯಿರಿ. ಅಧ್ಯಾಪಕರು ಕರ್ತೃ, ಅಂಕಪಟ್ಟಿ ಕರ್ಮ, ಓದುವುದು ಕ್ರಿಯೆ, ಶಾಲೆಯ ಕಂಪ್ಯೂಟರಿನಿಂದ ಮಾತ್ರ ಎಂಬುದು ಷರತ್ತು. ಯಾರು, ಏನನ್ನು, ಯಾವ ಷರತ್ತಿನ ಮೇಲೆ, ಏನು ಮಾಡಬಹುದು? ಈ ನಾಲ್ಕು ಪ್ರಶ್ನೆಗಳಿಗೂ ಸ್ಪಷ್ಟವಾದ ಉತ್ತರವಿದ್ದರೆ ಅದು ಒಳ್ಳೆಯ ನಿಯಮ. ಅವಸರದವರು ಕರ್ಮದ ಜಾಗದಲ್ಲಿ ಒಂದು ನಕ್ಷತ್ರದ ಗುರುತನ್ನು ಹಾಕಿಬಿಡುವುದುಂಟು. ಯಂತ್ರದ ಭಾಷೆಯಲ್ಲಿ ಅದರ ಅರ್ಥ ‘ಎಲ್ಲವೂ’ ಎಂದು. ಒಂದು ಸಣ್ಣ ಚುಕ್ಕೆ, ಇಡೀ ಉಗ್ರಾಣದ ಬಾಗಿಲು!

ಅಮೆಜಾನಿನ ಏರ್ಪಾಡಿನಲ್ಲಿ ಈ ನಿಯಮಗಳನ್ನು ಯಂತ್ರವು ಓದುವ ಕ್ರಮ ಗಮನಾರ್ಹವಾದುದು. ಯಾವ ನಿಯಮವೂ ಏನನ್ನೂ ಹೇಳದಿದ್ದರೆ ಅದರ ಉತ್ತರ ‘ಇಲ್ಲ’. ಒಂದು ನಿಯಮ ‘ಕೊಡು’ ಎಂದೂ ಇನ್ನೊಂದು ‘ಕೊಡಬೇಡ’ ಎಂದೂ ಹೇಳಿದರೆ ‘ಕೊಡಬೇಡ’ ಎಂಬುದೇ ಗೆಲ್ಲುತ್ತದೆ. ಲೋಕವ್ಯವಹಾರದಲ್ಲಿ ಮೌನವನ್ನು ಸಮ್ಮತಿಯೆಂದು ತಿಳಿಯುವುದುಂಟು. ಇಲ್ಲಿ ಮೌನವೆಂದರೆ ನಿರಾಕರಣೆ.

ನೂರಾರು ಜನ ದುಡಿಯುವ ಸಂಸ್ಥೆಯಲ್ಲಿ ಒಬ್ಬೊಬ್ಬನಿಗೂ ಬೇರೆ ಬೇರೆ ನಿಯಮ ಬರೆಯುತ್ತ ಹೋದರೆ ಲೆಕ್ಕ ತಪ್ಪುವುದು ಖಂಡಿತ. ಆದುದರಿಂದ ಅನುಮತಿಯನ್ನು ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡುವ ಪದ್ಧತಿ ಬೆಳೆಯಿತು. ೧೯೯೨ರಲ್ಲಿ ಅಮೆರಿಕದ ಡೇವಿಡ್ ಫೆರಾಯೋಲೊ ಮತ್ತು ರಿಚರ್ಡ್ ಕೂನ್ ಎಂಬುವರು ಈ ಪದ್ಧತಿಗೆ ಶಾಸ್ತ್ರೀಯವಾದ ರೂಪ ಕೊಟ್ಟರು. ಯಕ್ಷಗಾನದ ಕಿರೀಟ ವೇಷಕ್ಕೆ ಸೇರಿದ್ದು, ವೇಷಧಾರಿಗಲ್ಲ. ಆಟ ಮುಗಿದೊಡನೆ ಅದು ಮರಳಿ ಪೆಟ್ಟಿಗೆ ಸೇರಬೇಕು. ಹಾಗೆಯೇ ‘ಗುಮಾಸ್ತ’ ಎಂಬ ಪಾತ್ರಕ್ಕೆ ಕೆಲವು ಕೈಗಳು, ‘ಲೆಕ್ಕ ತಪಾಸಿಗ’ ಎಂಬ ಪಾತ್ರಕ್ಕೆ ಬೇರೆ ಕೆಲವು ಕೈಗಳು. ವರ್ಗವಾಗಿ ಹೋದವನು ಪಾತ್ರವನ್ನು ಕಳಚಿ ಹೋಗುತ್ತಾನೆ. ಕೈಗಳು ಅಲ್ಲಿಯೇ ಉಳಿಯುತ್ತವೆ.

ಈ ವಿವೇಕವೆಲ್ಲ ಕ್ಲೌಡಿಗಿಂತ ಹಳೆಯದು. ೧೯೭೫ರಲ್ಲಿ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿದ್ವಾಂಸರು ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಅವರು ನಿರೂಪಿಸಿದ ಎಂಟು ತತ್ತ್ವಗಳು ಇಂದಿಗೂ ಮಾನ್ಯವಾಗಿವೆ. ಅವುಗಳಲ್ಲಿ ಒಂದು, ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು ಎಂಬುದು. ಇನ್ನೊಂದು, ಅತಿ ಮುಖ್ಯವಾದ ಬಾಗಿಲನ್ನು ತೆರೆಯಲು ಎರಡು ಕೈಗಳು ಬೇಕಾಗಿರಬೇಕು ಎಂಬುದು. ನಮ್ಮ ಸರ್ಕಾರಿ ಖಜಾನೆಗಳ ಭದ್ರ ಕೊಠಡಿಗೆ ಇಬ್ಬರ ವಶದಲ್ಲಿರುವ ಎರಡು ಕೈಗಳ ಜೋಡಿ ಬೀಗವಿರುವುದನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಇವುಗಳ ಜೊತೆಗೆ ಯಾರು, ಯಾವಾಗ, ಯಾವ ಬಾಗಿಲನ್ನು ತೆರೆದರೆಂಬ ದಾಖಲೆಯೂ ಇರಬೇಕು. ಕರ್ನಾಟಕದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿಯು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ನಿಯಮ ಮಾಡಿದುದು ಇದೇ ಕಾರಣದಿಂದ. ರೈತನ ಹೊಲದ ಗಡಿಯನ್ನು ಕಾಗದದ ಮೇಲೆ ತಿದ್ದಿದ ಕೈ ಯಾರದೆಂದು ತಿಳಿದಿರಬೇಕಷ್ಟೆ.

ಈ ತತ್ತ್ವಗಳನ್ನು ಕಡೆಗಣಿಸಿದರೆ ಏನಾಗುತ್ತದೆ? ೨೦೧೯ರ ಜುಲೈ ತಿಂಗಳಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ಬೆಳಕಿಗೆ ಬಂದಿತು. ಆ ಬ್ಯಾಂಕು ತನ್ನ ದಾಖಲೆಗಳನ್ನು ಅಮೆಜಾನಿನ ಕ್ಲೌಡಿನಲ್ಲಿ ಇಟ್ಟಿದ್ದಿತು. ಹೊರಗಿನ ಅಪಾಯವನ್ನು ತಡೆಯಬೇಕಾಗಿದ್ದ ಒಂದು ಕಾವಲು ತಂತ್ರಾಂಶವನ್ನು ಸರಿಯಾಗಿ ಹೊಂದಿಸಿರಲಿಲ್ಲ. ಅದನ್ನು ವಂಚಿಸಿದ ವ್ಯಕ್ತಿಗೆ ಅದರ ಪಾತ್ರದ ಕೈಗಳು ದೊರೆತವು. ಆ ಪಾತ್ರಕ್ಕೆ ಕಾವಲು ಕಾಯುವಷ್ಟೇ ಅಧಿಕಾರವಿದ್ದಿದ್ದರೆ ಹಾನಿ ಅಲ್ಲಿಗೇ ನಿಲ್ಲುತ್ತಿದ್ದಿತು. ಆದರೆ ಉಗ್ರಾಣದ ಕೋಣೆಗಳನ್ನು ತೆರೆದು ಓದುವ ಅಧಿಕಾರವೂ ಅದಕ್ಕೆ ಇದ್ದಿತು. ಅಮೆರಿಕದಲ್ಲಿ ಸುಮಾರು ೧೦ ಕೋಟಿ, ಕೆನಡಾದಲ್ಲಿ ಸುಮಾರು ೬೦ ಲಕ್ಷ ಜನರ ವಿವರಗಳು ಬಯಲಾದವು. ೨೦೨೦ರಲ್ಲಿ ಅಲ್ಲಿನ ನಿಯಂತ್ರಕರು ಬ್ಯಾಂಕಿಗೆ ೮ ಕೋಟಿ ಡಾಲರುಗಳ ದಂಡ ವಿಧಿಸಿದರು. ದ್ವಾರಪಾಲಕನಿಗೆ ಭಂಡಾರದ ಕೈಯನ್ನೂ ಕೊಟ್ಟುದರ ಫಲವಿದು.

ದೂರದ ದೇಶದ ಬ್ಯಾಂಕಿನ ತಪ್ಪನ್ನು ಹೇಳುವುದು ಸುಲಭ. ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಪಾಠ ಪೂರ್ಣವಾಗದು.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ, ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದಿತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಮನೆಯ ಪರಿಸ್ಥಿತಿಯನ್ನು ಕೇಳಿ, ಕ್ಲೌಡಿನಲ್ಲಿದ್ದ ಒಂದು ಪಟ್ಟಿಯಲ್ಲಿ ಬರೆದಿಟ್ಟೆ. ಒಂದು ಸಂಜೆ ಸಹೋದ್ಯೋಗಿಯೊಬ್ಬರಿಗೆ ಆ ಪಟ್ಟಿ ತೆರೆಯಲಿಲ್ಲ. ಅವರ ಹೆಸರನ್ನು ಸೇರಿಸಿದ್ದರೆ ಸಾಕಾಗಿದ್ದಿತು. ದಣಿದಿದ್ದ ನಾನು ‘ಕೊಂಡಿ ದೊರೆತವರೆಲ್ಲರೂ ನೋಡಬಹುದು’ ಎಂಬ ಅನುಮತಿಯನ್ನು ಒತ್ತಿಬಿಟ್ಟೆ. ನಾಳೆ ಸರಿಪಡಿಸೋಣವೆಂದುಕೊಂಡೆ, ಆ ನಾಳೆ ಬರಲೇ ಇಲ್ಲ. ಕೊಂಡಿಯು ಕೈಯಿಂದ ಕೈಗೆ ಸಾಗಿ ವಿದ್ಯಾರ್ಥಿಗಳ ಮೊಬೈಲುಗಳನ್ನು ಮುಟ್ಟಿತು. ಒಬ್ಬ ಹುಡುಗಿಯ ಮನೆಯ ಕಷ್ಟವನ್ನು ತರಗತಿಯಲ್ಲಿ ಕೆಲವರು ಗಟ್ಟಿಯಾಗಿ ಓದಿದರು. ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು.

ವಿಷಯ ತಿಳಿದ ಕೂಡಲೇ ಅನುಮತಿಯನ್ನು ರದ್ದುಗೊಳಿಸಿದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ಇಳಿಸಿಕೊಂಡಿದ್ದ ಪ್ರತಿಗಳನ್ನು ಯಾವ ನಿಯಮವೂ ಹಿಂದಕ್ಕೆ ತರಲಾರದಾಗಿದ್ದಿತು. ಸಂಜೆ ಅವಳ ಮನೆಗೆ ಹೋದೆ. ಅವಳ ತಾಯಿ ಚಾಪೆ ಹಾಸಿ ಕೂರಿಸಿದರು. ಹುಡುಗಿ ಬಾಗಿಲ ಬಳಿ ನಿಂತು ಇಷ್ಟೇ ಹೇಳಿದಳು: “ನೀವು ಬರೆದದ್ದು ಸುಳ್ಳಲ್ಲ, ಸಾರ್. ಆದರೆ ನಾನು ಅದನ್ನು ನಿಮಗೆ ಮಾತ್ರ ಹೇಳಿದ್ದೆ.”

ನಾಲ್ಕು ದಿನಗಳ ಮೇಲೆ ಅವಳು ಶಾಲೆಗೆ ಮರಳಿದಳು. ಓದಿನಲ್ಲಿಯೂ ಮುಂದೆ ಬಂದಳು. ಆದರೆ ಅನಂತರ ನನ್ನೊಡನೆ ಮನೆಯ ಮಾತನ್ನು ಎಂದೂ ಆಡಲಿಲ್ಲ.

‘ನಿಮಗೆ ಮಾತ್ರ’ ಎಂದು ಅವಳು ಹೇಳಿದ ಆ ಮಾತಿನಲ್ಲಿ ನಾನು ಮೇಲೆ ವಿವರಿಸಿದ ನಿಯಮಗಳೆಲ್ಲ ಅಡಗಿವೆ. ಯಾರು, ಏನನ್ನು, ಯಾವ ಷರತ್ತಿನ ಮೇಲೆ ಎಂಬುದನ್ನು ಅವಳು ತಿಳಿಸಿಯೇ ಇದ್ದಳು. ಅದನ್ನು ಯಂತ್ರಕ್ಕೆ ತಿಳಿಸುವ ಕೆಲಸ ನನ್ನದಾಗಿದ್ದಿತು. ಬೇರೆಯವರ ವಿಷಯ ನಮ್ಮ ಕೈಯಲ್ಲಿದ್ದಾಗ ನಾವು ಅದರ ಒಡೆಯರಲ್ಲ, ಕಾವಲುಗಾರರು. ನಾಳೆ ನಿಮ್ಮಲ್ಲಿ ಕೆಲವರು ಬ್ಯಾಂಕಿನ, ಆಸ್ಪತ್ರೆಯ, ಸರ್ಕಾರದ ಉಗ್ರಾಣಗಳಿಗೆ ನಿಯಮ ಬರೆಯುವವರಾಗಬಹುದು. ಒಂದು ಅನುಮತಿಯನ್ನು ಕೊಡುವ ಮುನ್ನ ಕ್ಷಣಕಾಲ ನಿಂತು, ಈ ಕೈ ಇವನ ಕೆಲಸಕ್ಕೆ ಬೇಕೇ, ಎಷ್ಟು ದಿನಕ್ಕೆ ಬೇಕು ಎಂದು ಕೇಳಿಕೊಳ್ಳಿರಿ. ಕೊಟ್ಟ ಕೈಗಳನ್ನು ಆಗಾಗ ಎಣಿಸಿರಿ. ಬಾಗಿಲ ಬಳಿ ನಿಂತ ಆ ಹುಡುಗಿಯ ಮಾತಿಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಅಂತಹ ಮಾತನ್ನು ಕೇಳುವ ಪ್ರಸಂಗ ನಿಮಗೆ ಬಾರದಿರಲಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
೧. ಜವಾನನ ಬಳಿ ಬೀರುವಿನ ಕೈ ಏಕೆ ಇರುವುದಿಲ್ಲ?
೨. ಯಾವ ನಿಯಮವೂ ಏನನ್ನೂ ಹೇಳದಿದ್ದರೆ ಯಂತ್ರದ ಉತ್ತರವೇನು?
೩. ನಕ್ಷತ್ರದ ಗುರುತಿಗೆ ಯಂತ್ರದ ಭಾಷೆಯಲ್ಲಿ ಯಾವ ಅರ್ಥವಿದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಅನುಮತಿಯನ್ನು ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡುವುದರಿಂದ ಆಗುವ ಪ್ರಯೋಜನವೇನು?
೨. ‘ದ್ವಾರಪಾಲಕನಿಗೆ ಭಂಡಾರದ ಕೈಯನ್ನೂ ಕೊಟ್ಟುದರ ಫಲವಿದು’ ಎಂಬ ಮಾತನ್ನು ವಿವರಿಸಿರಿ.
೩. ಲೇಖಕರು ಅನುಮತಿಯನ್ನು ರದ್ದುಗೊಳಿಸಿದರೂ ತಪ್ಪು ಸರಿಹೋಗಲಿಲ್ಲವೇಕೆ?

ಇ) ನಿಮ್ಮ ಶಾಲೆಯ ಗ್ರಂಥಭಂಡಾರಕ್ಕೆ ಒಂದು ಅನುಮತಿಯ ನಿಯಮವನ್ನು ಬರೆದು, ಅದರಲ್ಲಿರುವ ಕರ್ತೃ, ಕರ್ಮ, ಕ್ರಿಯೆ ಮತ್ತು ಷರತ್ತನ್ನು ಗುರುತಿಸಿರಿ.

ಈ) ಬಿಡಿಸಿ, ಸಂಧಿಯನ್ನು ಹೆಸರಿಸಿರಿ: ದತ್ತಾಂಶ, ಮುಖ್ಯೋಪಾಧ್ಯಾಯ, ಕೈಯಲ್ಲಿ.