ದಾಳ, ದುಡುಕು ಮತ್ತು ಫಲ

ಕೆರೆಯ ಏರಿಯನ್ನು ಒಡೆದರೆ ಏನಾಗುವುದು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ವಿದ್ಯಾರ್ಥಿಗಳು ಕಿಟಕಿಯ ಕಡೆ ನೋಡುವರು. ಅದನ್ನೇ ಆಟದ ಮೇಜಿನ ಸುತ್ತ ಕುಳಿತಾಗ ಕೇಳಿದರೆ ಐವರೂ ಒಮ್ಮೆಗೇ ಮಾತನಾಡುವರು. ಬೆಳಗಾವಿಯ ಆಟೋ ನಗರದ ಒಂದು ಕೊಠಡಿಯಲ್ಲಿ, ಭಾನುವಾರ ಮಧ್ಯಾಹ್ನ ಗ್ಯಾರೇಜುಗಳ ಸುತ್ತಿಗೆಯ ಸದ್ದು ಕಡಮೆಯಾದ ಮೇಲೆ, ನಾವು ಕೆಲವು ವಿದ್ಯಾರ್ಥಿಗಳೊಡನೆ ಇಂತಹ ಆಟವೊಂದನ್ನು ಆಡುತ್ತಿರುವೆವು. ಅಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಟದ ಸ್ವರೂಪ

ಇದನ್ನು ಪಾತ್ರಾಭಿನಯದ ಆಟವೆಂದು ಕರೆಯಬಹುದು. ಪ್ರತಿಯೊಬ್ಬ ಆಟಗಾರನೂ ಒಂದು ಕಲ್ಪಿತ ಪಾತ್ರವನ್ನು ವಹಿಸಿಕೊಳ್ಳುವನು. ಒಬ್ಬನು ಯೋಧ, ಒಬ್ಬಳು ಮಂತ್ರವಾದಿನಿ, ಮತ್ತೊಬ್ಬನು ವೈದ್ಯ. ತನ್ನ ಪಾತ್ರವು ಏನು ಮಾಡುವುದೆಂಬುದನ್ನು ಅವನು ಬಾಯಿಂದ ಹೇಳುವನು. ಸೂತ್ರಧಾರನು ಸುತ್ತಲಿನ ಪ್ರಪಂಚವನ್ನು ವರ್ಣಿಸಿ, ಆ ಕಾರ್ಯದ ಫಲವನ್ನು ತಿಳಿಸುವನು. ಸಂದೇಹವಿರುವಲ್ಲಿ ದಾಳವನ್ನು ಉರುಳಿಸುವರು. ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಹೊಸದಲ್ಲ. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಆ ಕ್ಷಣಕ್ಕೆ ಹೊಳೆದ ಮಾತುಗಳಿಂದ ಪಾತ್ರವನ್ನು ಕಟ್ಟುವರು. ಆದರೆ ಅಲ್ಲಿ ಕರ್ಣನು ಎಷ್ಟು ಸೊಗಸಾಗಿ ವಾದಿಸಿದರೂ ಕಡೆಗೆ ಸೋಲಲೇಬೇಕು. ಈ ಆಟದಲ್ಲಾದರೋ ಕಥೆಯ ಕೊನೆ ಯಾರಿಗೂ ತಿಳಿಯದು.

ಈ ಆಟದ ಮೂಲ ಪ್ರಷ್ಯದ ಸೈನ್ಯದಲ್ಲಿದೆ. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ಭೂಪಟ, ದಾಳ ಮತ್ತು ತೀರ್ಪುಗಾರ ಇವುಗಳ ನೆರವಿನಿಂದ ಆಡುವ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಅದರ ಒಂದು ಸುತ್ತು ಯುದ್ಧಭೂಮಿಯ 2 ನಿಮಿಷಗಳಿಗೆ ಸಮ. ನಿಯಮಗಳ ಭಾರದಿಂದ ಆಟ ಕುಂಟುವುದೆಂದು ಕಂಡುಬಂದಾಗ, 1876ರಲ್ಲಿ ವೆರ್ಡಿ ಡು ವೆರ್ನುವಾ ಎಂಬ ಸೇನಾನಿಯು ಅನುಭವಿಯಾದ ತೀರ್ಪುಗಾರನ ವಿವೇಚನೆಗೇ ಪ್ರಾಶಸ್ತ್ಯವಿರಬೇಕೆಂದು ವಾದಿಸಿದನು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಅದರಲ್ಲಿ ದಂಡುಗಳ ಬದಲು ಒಬ್ಬೊಬ್ಬ ವೀರನ ಕಥೆ ನಡೆಯುವುದು. ಆದರೆ ನಿಯಮ ದೊಡ್ಡದೋ ತೀರ್ಪುಗಾರ ದೊಡ್ಡವನೋ ಎಂಬ ಹಳೆಯ ಪ್ರಶ್ನೆ ಸೂತ್ರಧಾರನನ್ನು ಇಂದಿಗೂ ಬಿಟ್ಟಿಲ್ಲ.

ನಾವು ಬೀಳಿಸಿದ ಸಿಡಿಲು

ನಮ್ಮ ಆಟದ ನಾಡನ್ನು ಖಾನಾಪುರದ ಕಾಡುಗಳನ್ನು ನೆನೆದು ರಚಿಸಿದ್ದೆವು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಂತೆ ಅಲ್ಲಿಯೂ ದಟ್ಟವಾದ ಮರಗಳು, ಬಿಡದ ಮಳೆ. ಕಣಿವೆಯ ಮೇಲ್ಗಡೆ ಒಂದು ಕೆರೆ; ಅದರ ಕೆಳಗೆ ಕಳ್ಳರ ಕೋಟೆ; ಕೆರೆಯಿಂದ 1200 ಮೀಟರು ದೂರದಲ್ಲಿ, ಗದ್ದೆಗಳ ನಡುವೆ ಒಂದು ಊರು. ಕೋಟೆಯನ್ನು ಉಪಾಯದಿಂದ ಹೊಗುವ ಕಥೆಯನ್ನು ನಾಲ್ಕು ವಾರಗಳಿಗೆ ಸಾಲುವಷ್ಟು ಸಿದ್ಧಪಡಿಸಿಕೊಂಡು ಬಂದಿದ್ದೆವು. ಮೊದಲ ದಿನವೇ ಯೋಧನ ಪಾತ್ರದ ವಿದ್ಯಾರ್ಥಿಯು, “ಏರಿ ಅಗದ ಬಿಡತೇನ್ರಿ ಸರ್. ಕೋಟಿ ಕೊಚ್ಚಿಕೊಂಡ ಹೋಗ್ಲಿ” ಎಂದನು.

ನಮ್ಮ ಶ್ರಮವೆಲ್ಲ ವ್ಯರ್ಥವಾಯಿತೆಂದು ಸಿಟ್ಟು ಬಂದಿತು. “ಗುದ್ದಲಿ ಎತ್ತುತ್ತಲೇ ನಿನಗೆ ಸಿಡಿಲು ಬಡಿಯಿತು, ನೀನು ಸತ್ತೆ” ಎಂದು ತೀರ್ಪು ಕೊಟ್ಟೆವು. ಉಳಿದವರು ನಕ್ಕರು. ಅವನು ನಗಲಿಲ್ಲ, ದಾಳಗಳನ್ನು ಮೇಜಿನ ಮೇಲಿಟ್ಟು ಎದ್ದುಹೋದನು. ಮುಂದಿನ ಎರಡು ಭಾನುವಾರ ಬರಲಿಲ್ಲ. ತರಗತಿಯಲ್ಲಿ ಸದಾ ಪ್ರಶ್ನೆ ಕೇಳುತ್ತಿದ್ದವನು ಅಲ್ಲಿಯೂ ಮೌನಿಯಾದನು. ಆಟದ ಸಿಡಿಲು ಆಟದ ಹೊರಗೂ ಬಡಿದಿತ್ತು.

ಬೋಲ್ಟಿನ ಪಾಠ

ಆ ವಿದ್ಯಾರ್ಥಿಯ ತಂದೆ ಆಟೋ ನಗರದಲ್ಲಿ ಲಾರಿಗಳನ್ನು ರಿಪೇರಿ ಮಾಡುವ ಮಿಸ್ತ್ರಿ. ಅವನನ್ನು ಕರೆಯಲೆಂದು ಒಂದು ಸಂಜೆ ಹೋದಾಗ ಅವರು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಮುರಿದ ಬೋಲ್ಟೊಂದನ್ನು ತೋರಿಸುತ್ತಿದ್ದರು. ಹುಡುಗನು ಪಾನಾದ ಹಿಡಿಗೆ ಉದ್ದನೆಯ ಪೈಪನ್ನು ತೊಡಿಸಿ ಬಿಗಿದಿದ್ದನಂತೆ. “ಬಯ್ಯಲಿಲ್ಲವೆ?” ಎಂದು ಕೇಳಿದೆವು. “ಬೈದರ ಏನ ಬರತೈತ್ರಿ ಸರ್? ಬೋಲ್ಟಿಗೆ ಸಿಟ್ಟ ಬರೂದಿಲ್ಲ. ಅದು ಮೊದಲ ಹೇಳತೈತಿ, ಆಮ್ಯಾಲೆ ಮುರೀತೈತಿ. ಅದು ಹೇಳೂದು ಕೈಗೆ ತಿಳೀಬೇಕು” ಎಂದರು.

ಈ ಮಾತನ್ನು ಭೌತವಿಜ್ಞಾನದ ಭಾಷೆಯಲ್ಲಿ ನೋಡೋಣ. ತಿರುಗಿಸುವ ಪರಿಣಾಮವು ಬಲ ಮತ್ತು ಹಿಡಿಯ ಉದ್ದ ಇವುಗಳ ಗುಣಲಬ್ಧ. ಹಿಡಿಯ ಉದ್ದವು 30 ಸೆಂಟಿಮೀಟರಿನಿಂದ 90 ಸೆಂಟಿಮೀಟರಿಗೆ ಏರಿದರೆ ಅಷ್ಟೇ ಬಲದಿಂದ ಪರಿಣಾಮವು ಮೂರುಪಟ್ಟಾಗುವುದು. ಬಿಗಿಯುತ್ತ ಹೋದಂತೆ ಬೋಲ್ಟು ಸ್ಪ್ರಿಂಗಿನ ಹಾಗೆ ಕೊಂಚ ಹಿಗ್ಗುತ್ತದೆ, ಸಡಿಲಿಸಿದರೆ ಮೊದಲಿನಂತಾಗುತ್ತದೆ. ಸ್ಥಿತಿಸ್ಥಾಪಕತೆಯ ಮಿತಿ ದಾಟಿತೆಂದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುವುದು. ಆಗ ಪಾನಾ ತಿರುಗುತ್ತಿದ್ದರೂ ಬಿಗಿ ಏರದು. ಮಿಸ್ತ್ರಿಯವರು ಹೇಳಿದ ಸೂಚನೆ ಇದೇ. ಅದನ್ನು ಲಕ್ಷಿಸದೆ ಇನ್ನೂ ತಿರುಗಿಸಿದರೆ ಮುರಿತ.

ಪ್ರಕೃತಿಯಲ್ಲಿ ದಂಡನೆಯಿಲ್ಲ, ಫಲವುಂಟು. ಫಲವು ಕಾರಣದಿಂದಲೇ ಹುಟ್ಟುವುದು, ಕಾರಣಕ್ಕೆ ತಕ್ಕಷ್ಟೇ ಇರುವುದು, ಅನೇಕ ವೇಳೆ ಮುನ್ಸೂಚನೆಯನ್ನೂ ಕೊಡುವುದು. ನಮ್ಮ ಸಿಡಿಲಿಗೆ ಈ ಮೂರು ಲಕ್ಷಣಗಳಲ್ಲಿ ಒಂದೂ ಇರಲಿಲ್ಲ. ಅದು ಮೋಡದಿಂದ ಬಿದ್ದುದಲ್ಲ, ನಮ್ಮ ಕೋಪದಿಂದ ಬಿದ್ದುದು.

ಹತ್ತು ನಿಮಿಷಗಳು

ಮುಂದಿನ ಭಾನುವಾರ ಎಲ್ಲರೆದುರಿಗೂ ತಪ್ಪನ್ನೊಪ್ಪಿಕೊಂಡು ಸಿಡಿಲನ್ನು ಹಿಂದೆಗೆದುಕೊಂಡೆವು. ಅನಂತರ ಅವನಿಗೆ, “ನೀನು ಏರಿಯ ಮೇಲೆ ನಿಂತಿರುವೆ. ಕೋಟೆಯ ಆಚೆ ಊರಿನ ದೀಪಗಳು ಕಾಣುತ್ತಿವೆ. ಗುದ್ದಲಿ ಹಾಕುವೆಯಾ?” ಎಂದೆವು. ಸೂತ್ರಧಾರನು ಕೊಡಬೇಕಾದ ಮುನ್ಸೂಚನೆ ಇಂತಹುದು. ಅದು ತಡೆಯಲ್ಲ, ಬೆದರಿಕೆಯೂ ಅಲ್ಲ. ಆ ಪಾತ್ರದ ಕಣ್ಣಿಗೆ ಕಾಣತಕ್ಕುದನ್ನು ಆಟಗಾರನಿಗೆ ಕಾಣಿಸುವುದು. ಮಹಾಭಾರತದಲ್ಲಿ ಎರಡನೆಯ ದ್ಯೂತಕ್ಕೆ ಮುನ್ನ 12 ವರ್ಷಗಳ ವನವಾಸ, 1 ವರ್ಷದ ಅಜ್ಞಾತವಾಸವೆಂದು ಪಣವನ್ನು ಸಾರಿದ್ದರು. ಧರ್ಮರಾಯನು ತಿಳಿದೇ ಆಡಿದನು. ಆದುದರಿಂದಲೇ ಸೋತ ಬಳಿಕ ಫಲವನ್ನು ಅಲ್ಲಗಳೆಯಲಿಲ್ಲ.

ವಿದ್ಯಾರ್ಥಿಯು ಸ್ವಲ್ಪ ಹೊತ್ತು ಯೋಚಿಸಿ, “ಹಾಕತೇನ್ರಿ” ಎಂದನು. ನಾವು ಸೀಮೆಸುಣ್ಣವನ್ನು ಕೈಗೆತ್ತಿಕೊಂಡೆವು. ಕೆರೆಯ ವಿಸ್ತಾರ 50,000 ಚದರ ಮೀಟರು, ಸರಾಸರಿ ಆಳ 2 ಮೀಟರು ಎಂದಿಟ್ಟುಕೊಳ್ಳಿರಿ. ನೀರು 1 ಲಕ್ಷ ಘನಮೀಟರು; ಅದರ ತೂಕ 1 ಲಕ್ಷ ಟನ್. 10 ಟನ್ ಹೊರುವ ಲಾರಿಗಳಾದರೆ 10,000 ಬೇಕು! ಏರಿಯ ಬಳಿ ಆಳ 5 ಮೀಟರು. ಅಷ್ಟು ಎತ್ತರದಿಂದ ಇಳಿಯುವ ನೀರಿನ ವೇಗವು, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎತ್ತರ, ಗುರುತ್ವದ ವೇಗೋತ್ಕರ್ಷ 9.8 ಮತ್ತು 2 ಇವುಗಳ ಗುಣಲಬ್ಧದ ವರ್ಗಮೂಲ, ಅಂದರೆ ಸೆಕೆಂಡಿಗೆ ಸುಮಾರು 9.9 ಮೀಟರು. ನೀರು ಮಣ್ಣನ್ನು ಕೊರೆದಂತೆಲ್ಲ ಬಿರುಕು ಅಗಲವಾಗುವುದು. ಅಗಲವಾದಂತೆಲ್ಲ ಹೆಚ್ಚು ನೀರು ನುಗ್ಗುವುದು. ಆದಕಾರಣ ಅಗೆದವನಿಂದಲೇ ಇನ್ನು ಅದನ್ನು ಮುಚ್ಚಲಾಗದು. ಗದ್ದೆಗಳ ಮೇಲೆ ಹರಡಿ ಪ್ರವಾಹದ ವೇಗವು ಸೆಕೆಂಡಿಗೆ 2 ಮೀಟರಿಗೆ ಇಳಿಯಿತೆಂದು ಭಾವಿಸಿದರೂ 1200 ಮೀಟರು ದಾಟಲು 600 ಸೆಕೆಂಡು ಸಾಕು.

“ಊರಿಗೆ ನೀರು ಮುಟ್ಟಲು 10 ನಿಮಿಷಗಳಿವೆ. ರೈಸ್‌ವಿಟ್ಸನ ಲೆಕ್ಕದಲ್ಲಿ ಐದು ಸುತ್ತು. ಏನು ಮಾಡುವಿರಿ?” ಎಂದು ಕೇಳಿದೆವು. ಕೊಠಡಿ ನಿಶ್ಶಬ್ದವಾಯಿತು. ಮೊದಲು ಎದ್ದುನಿಂತವನು ಆ ಯೋಧನೇ. “ನಾ ಓಡತೇನ್ರಿ ಸರ್. ಗುಡಿ ನಗಾರಿ ಬಾರಸ್ತೇನಿ.” ಸಿಡಿಲಿನಿಂದ ಮುಗಿದುಹೋಗಿದ್ದ ಆಟ ಪ್ರವಾಹದಿಂದ ಮತ್ತೆ ಮೊದಲಾಯಿತು.

ದಾಳದ ಸ್ಥಾನ

ದಾಳವನ್ನು ಎಲ್ಲಿ ಉರುಳಿಸಬೇಕು? ಏರಿ ಒಡೆದ ಮೇಲೆ ನೀರು ಕೆಳಗೆ ಹರಿಯುವುದೆ ಎಂಬುದಕ್ಕೆ ದಾಳ ಬೇಡ, ಅದು ನಿಶ್ಚಿತ. ಬರಿಗೈಯಿಂದ ಪ್ರವಾಹವನ್ನು ತಡೆಯಬಹುದೆ ಎಂಬುದಕ್ಕೂ ಬೇಡ, ಅದು ಅಸಾಧ್ಯ. ನಗಾರಿಯ ಸದ್ದಿಗೆ ಊರು ಸಕಾಲದಲ್ಲಿ ಎದ್ದೀತೆ ಎಂಬುದು ಸಂದಿಗ್ಧ. ದಾಳದ ಸ್ಥಾನ ಅಲ್ಲಿಯೇ.

ಎರಡು ದಾಳಗಳನ್ನು ಉರುಳಿಸಿದರೆ 36 ಬಗೆಗಳುಂಟು. ಮೊತ್ತ 7 ಬರುವುದು 6 ಬಗೆಗಳಲ್ಲಿ. 2 ಬರುವುದು ಒಂದೇ ಬಗೆಯಲ್ಲಿ. 7 ಅಥವಾ ಹೆಚ್ಚು ಬಂದರೆ ಊರು ಎಚ್ಚರಗೊಳ್ಳುವುದೆಂದು ಮೊದಲೇ ಸಾರಿದೆವು. ಇದಕ್ಕೆ 21 ಬಗೆಗಳು. ಸಂಭಾವ್ಯತೆ ಸುಮಾರು ನೂರಕ್ಕೆ 58. ದಾಳಗಳು 4 ಮತ್ತು 5 ತೋರಿಸಿದವು. ಜನರು ದಿಣ್ಣೆಯನ್ನೇರಿ ಬದುಕಿದರು.

ದುಡುಕುವವರು ಇನ್ನೊಂದು ಲೆಕ್ಕವನ್ನು ಮರೆಯುವರು. 20 ಮುಖಗಳ ದಾಳದಲ್ಲಿ 1 ಬಿದ್ದರೆ ಮಾತ್ರ ಅನಾಹುತವೆಂದು ಇಟ್ಟುಕೊಳ್ಳಿರಿ. ಒಂದು ಸಲಕ್ಕೆ ಅಪಾಯವು ನೂರಕ್ಕೆ 5 ಮಾತ್ರ. ಆದರೆ ಹತ್ತು ಸಲ ದುಡುಕಿದರೆ ಒಮ್ಮೆಯಾದರೂ ಅನಾಹುತವಾಗುವ ಸಂಭಾವ್ಯತೆ ನೂರಕ್ಕೆ 40. ಹದಿನಾಲ್ಕು ಸಲವಾದರೆ ಅರ್ಧಕ್ಕೂ ಮಿಕ್ಕುವುದು. ರಸ್ತೆಯ ತಿರುವಿನಲ್ಲಿ ಬೈಕನ್ನು ಹಿಂದಿಕ್ಕಲು ಹೋಗುವವರೂ ಈ ಲೆಕ್ಕವನ್ನು ಮಾಡಿ ನೋಡತಕ್ಕುದು.

ಫಲದ ಮುಂದಿನ ಫಲ

ಜನರು ಬದುಕಿದರೆಂದು ಕಥೆ ಮುಗಿಯಲಿಲ್ಲ. ಗದ್ದೆಗಳು ಹೂಳಿನಡಿ ಹುದುಗಿದ್ದವು. ಕೋಟೆ ಬಿದ್ದಿತ್ತು, ಉಳಿದ ಕಳ್ಳರು ಕಾಡಿನಲ್ಲಿ ಚದುರಿದ್ದರು. ಬೇಸಿಗೆಗೆ ನೀರಿರಲಿಲ್ಲ. ಊರಿನ ಹಿರಿಯರು ಯೋಧನನ್ನು ಕೊಲ್ಲಲಿಲ್ಲ, ಹೊಗಳಲೂ ಇಲ್ಲ. “ಏರಿಗೆ ಮಣ್ಣು ಹೊರು” ಎಂದರು. ಅವನು ಮೂರು ಭಾನುವಾರ ಮಣ್ಣು ಹೊತ್ತನು. ಉಳಿದ ಪಾತ್ರಗಳೂ ಬುಟ್ಟಿ ಹಿಡಿದವು. ನಾವು ಬರೆದಿಟ್ಟಿದ್ದ ನಾಲ್ಕು ವಾರಗಳ ಕಥೆಗಿಂತ ಇದು ಸೊಗಸಾಗಿತ್ತೆಂದು ಒಪ್ಪಲೇಬೇಕು.

ಒಂದು ಎಚ್ಚರಿಕೆ. ಆಟಗಾರನು ಇತರರ ಸಂತೋಷವನ್ನು ಕೆಡಿಸುವುದಕ್ಕಾಗಿಯೇ ದುಡುಕುತ್ತಿದ್ದರೆ, ಪಾತ್ರದ ಮೇಲೆ ಕಷ್ಟಗಳನ್ನು ಹೇರಿ ಫಲವಿಲ್ಲ. ಆಟವನ್ನು ನಿಲ್ಲಿಸಿ ಆ ವ್ಯಕ್ತಿಯೊಡನೆ ನೇರವಾಗಿ, ಏಕಾಂತದಲ್ಲಿ ಮಾತನಾಡಬೇಕು. ಮನುಷ್ಯನೊಡನೆ ಆಡಬೇಕಾದ ಮಾತನ್ನು ಪಾತ್ರದ ಮೇಲೆ ಸಿಡಿಲಾಗಿ ಎಸೆಯಬಾರದು.

ಕೆಲವು ದಿನಗಳ ಬಳಿಕ ತರಗತಿಯಲ್ಲಿ ಆ ವಿದ್ಯಾರ್ಥಿಯು ಕೈಯೆತ್ತಿ, ಏರಿಯ ಬುಡ ತುದಿಗಿಂತ ಏಕೆ ಅಗಲವಾಗಿರಬೇಕೆಂದು ಕೇಳಿದನು. ಆಳವು ಇಮ್ಮಡಿಯಾದರೆ ನೀರಿನ ಒತ್ತಡವೂ ಇಮ್ಮಡಿಯಾಗುವುದೆಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆವು. ಅಂದು ಯಾರೂ ಕಿಟಕಿಯ ಕಡೆ ನೋಡಲಿಲ್ಲ.

ಅಭ್ಯಾಸ

1. ಎರಡು ದಾಳಗಳ ಮೊತ್ತ 9 ಅಥವಾ ಹೆಚ್ಚು ಬರುವ ಸಂಭಾವ್ಯತೆ ಎಷ್ಟು?
2. ಏರಿಯ ಬಳಿ ಆಳ 5 ಮೀಟರಿನ ಬದಲು 2.5 ಮೀಟರು ಇದ್ದರೆ ನೀರಿನ ವೇಗ ಅರ್ಧವಾಗುವುದೆ? ಲೆಕ್ಕ ಮಾಡಿ ನೋಡಿರಿ.
3. ಆಟಗಾರನೊಬ್ಬನು ಬೇಸಿಗೆಯ ಕಾಡಿನಲ್ಲಿ ಪಂಜನ್ನು ಎಸೆಯಹೊರಟಿರುವನು. ಸೂತ್ರಧಾರರಾದ ನೀವು ಯಾವ ಮುನ್ಸೂಚನೆ ಕೊಡುವಿರಿ? ಯಾವುದಕ್ಕೆ ದಾಳ ಉರುಳಿಸುವಿರಿ, ಯಾವುದಕ್ಕೆ ಉರುಳಿಸುವುದಿಲ್ಲ?