ತೋಟದ ಶೆಡ್ಡಿನಲ್ಲಿ ಸೌದೆ ಒಲೆ
ಚಳಿಗಾಲದಲ್ಲಿ ತೋಟದ ಕಾವಲಿಗೆ ಮಲಗುವ ರೈತಬಾಂಧವರು ಶೆಡ್ಡಿನೊಳಗೆ ಸೌದೆ ಒಲೆ ಹೂಡುವುದುಂಟು. ಅವರು ಮೊದಲು ಯೋಚಿಸಬೇಕಾದುದು ಹೊಗೆಯ ದಾರಿಯನ್ನು. ಸೌದೆ ಪೂರ್ಣವಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ; ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಬಿಡಬಹುದು.

ಒಲೆಯನ್ನು ಕಲ್ಲು ಅಥವಾ ಇಟ್ಟಿಗೆಯ ಕಟ್ಟೆಯ ಮೇಲಿಡಬೇಕು. ಮರದ ಗೋಡೆ, ಹುಲ್ಲು, ಗೋಣಿಚೀಲಗಳಿಂದ ಅದು 3 ಅಡಿ ದೂರವಿರಲಿ. ಹೊಗೆಕೊಳವೆ ಮಾಡಿನ ನೆತ್ತಿಗಿಂತ 2 ಅಡಿಯಾದರೂ ಮೇಲೇರಲಿ. ಸೋಗೆಯ ಮಾಡಾದರೆ ಕಿಡಿಯ ಭಯವಿರುವುದರಿಂದ ಒಲೆಯೇ ಬೇಡ. ಗಾಳಿ ಬರಲು ಗೋಡೆಯ ಕೆಳಭಾಗದಲ್ಲಿ ಸದಾ ತೆರೆದ ಕಿಂಡಿಯಿರಲಿ. ಒಣ ಸೌದೆಯನ್ನೇ ಉರಿಸಿ, ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು.

ಚಳಿಯೆಂದು ಬಾಗಿಲು ಮುಚ್ಚಿ, ಕೆಂಡವನ್ನು ಉಳಿಸಿಕೊಂಡು ಮಲಗುವುದು ಎಂದಿಗೂ ಸಲ್ಲದು. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯರನ್ನು ಕಾಣಬೇಕು.